ಹದಿನಾರನೆಯ ಕಂಬದ ಹೆಂಗಸು

ಭದ್ರಾವತಿ ಸ್ಟೇಷನ್ನಿನ ಹೊರಗೆ ಆ ಕಾಲದಲ್ಲಿ ಹನ್ನೊಂದು ಜಟಕಾ ನಿಲ್ಲುತ್ತಿದ್ದವು. ಹತ್ತು ಜನ ಸವಾರಿಗಾಗಿ ಗಂಟಲು ಹರಿದುಕೊಳ್ಳುತ್ತಿದ್ದರು. ಖಾಜಾ ಪೀರ್ ಮಾತ್ರ ಕೂಗುತ್ತಿರಲಿಲ್ಲ. ರೈಲಿಳಿದು ಕಬ್ಬಿಣದ ಕಾರ್ಖಾನೆ ನೋಡಲು ಬಂದವರು ಅಪ್ಪಿತಪ್ಪಿ ಅವನ ಗಾಡಿ ಹತ್ತಿದರೆ, ಹೊಳೆ ದಂಡೆಯ ಕಲ್ಲುಮಂಟಪ ನೋಡದೆ ಕಾರ್ಖಾನೆ ಗೇಟು ಕಾಣುವಂತಿರಲಿಲ್ಲ. ಬೇಡವೆಂದವರನ್ನೂ ಅವನು ಬಿಡುತ್ತಿರಲಿಲ್ಲ. "ಐದೇ ನಿಮಿಷ ಸ್ವಾಮಿ, ಕುದುರೆಗೆ ನೀರು ಕುಡಿಸ್ಕೊಂಡು ಹೋಗೋಣ" ಎನ್ನುತ್ತಿದ್ದ. ಆ ಬಡ ಕುದುರೆಗೆ ದಿನಕ್ಕೆ ಎಷ್ಟು ಸಲ ಬಾಯಾರುತ್ತಿತ್ತೋ ದೇವರೇ ಬಲ್ಲ.

ಮಂಟಪ ಅಂಥ ದೊಡ್ಡದೇನಲ್ಲ. ಹದಿನಾರು ಕಂಬ, ಅರ್ಧ ಕುಸಿದ ಚಾವಣಿ, ಒಳಗೆ ದೇವರೂ ಇಲ್ಲ ದೀಪವೂ ಇಲ್ಲ. ಖಾಜಾ ಪೀರ್ ಜನರನ್ನು ಇಳಿಸಿ ಬಾಯಿ ಮುಚ್ಚಿಕೊಂಡು ನಿಲ್ಲುತ್ತಿದ್ದ. "ಕಂಬ ಎಣಿಸಿ ನೋಡಿ ಸ್ವಾಮಿ" ಎಂಬುದೊಂದೇ ಮಾತು. ಅವರು ಬಳ್ಳಿ, ಹಂಸ, ಕುಣಿಯುವ ಹೆಣ್ಣುಗಳನ್ನು ನೋಡುತ್ತಾ ಎಣಿಸಿಕೊಂಡು ಹೋಗಿ, ಕೊನೆಯ ಕಂಬದ ಮುಂದೆ ನಿಂತುಬಿಡುತ್ತಿದ್ದರು. ಅದಕ್ಕೆ ಒಂದು ಉಳಿಯ ಗೆರೆಯೂ ಬಿದ್ದಿರಲಿಲ್ಲ. "ಇದ್ಯಾಕೆ ಬೋಳು?" ಎಂದು ಅವರಾಗಿ ಕೇಳಬೇಕು. ಕೇಳುವವರೆಗೆ ಅವನು ತುಟಿ ಬಿಚ್ಚುತ್ತಿರಲಿಲ್ಲ. ಕೇಳದವನಿಗೆ ಹೇಳಿದ ಕಥೆ ಕಿವಿಯಿಂದ ಕೆಳಗಿಳಿಯುವುದಿಲ್ಲ ಎಂದು ಅವನ ನಂಬಿಕೆ.

ಆಮೇಲೆ ಹೇಳುತ್ತಿದ್ದ. ಈ ಮಂಟಪ ಕಟ್ಟಿದ ಕಲ್ಲುಕೆಲಸದವನಿಗೆ ಒಬ್ಬ ಹೆಂಡತಿ. ದಿನಾ ಮಧ್ಯಾಹ್ನ ಬಟ್ಟೆಯಲ್ಲಿ ರೊಟ್ಟಿ ಕಟ್ಟಿಕೊಂಡು ಹೊಳೆ ದಾಟಿ ಬರುತ್ತಿದ್ದಳು. ಅವನು ಉಂಡು ಮುಗಿಸುವವರೆಗೆ ಇನ್ನೂ ಕೆತ್ತದ ಕಂಬಕ್ಕೆ ಒರಗಿ ನಿಲ್ಲುತ್ತಿದ್ದಳು. ಮಾತಿಲ್ಲ ಕತೆಯಿಲ್ಲ, ಬರಿದಾದ ಬಟ್ಟೆ ಕೊಡವಿ ಮಡಚಿಕೊಂಡು ಹೊರಟುಬಿಡುತ್ತಿದ್ದಳು. ಹದಿನೈದು ಕಂಬ ಮುಗಿಯಿತು. ಹದಿನಾರನೆಯದಕ್ಕೆ ಉಳಿ ಇಡಬೇಕು, ಆ ದಿನ ಅವಳು ಬರಲಿಲ್ಲ. ಮಾರನೇ ದಿನವೂ ಬರಲಿಲ್ಲ. ಜ್ವರ ಬಂದು ಹೋಗಿಬಿಟ್ಟಿದ್ದಳು. ಕಟ್ಟಿಸಿದವರು ಬಂದು, ಇದೊಂದು ಮುಗಿಸಿಬಿಡಪ್ಪಾ ಎಂದರಂತೆ. ಅವನು ಉಳಿ ಕೆಳಗಿಟ್ಟು ಹೇಳಿದನಂತೆ: "ಇದು ಹೀಗೇ ಇರಲಿ. ಅವಳು ಬಂದ್ರೆ ಒರಗೋಕೆ ಜಾಗ ಬೇಕು. ಕೆತ್ತಿದ್ರೆ ಬೆನ್ನಿಗೆ ಚುಚ್ಚುತ್ತೆ."

ಇಷ್ಟೇ ಕಥೆ. ಮದರಾಸಿನಿಂದ ಬಂದ ಇಂಜಿನಿಯರುಗಳು, ಸೂಟು ಹಾಕಿಕೊಂಡವರು, ಕನ್ನಡ ಅರ್ಧಂಬರ್ಧ ತಿಳಿದವರು, ಎಲ್ಲರೂ ಇದನ್ನು ಕೇಳಿ ಆ ಕಂಬದ ಮೇಲೆ ಒಮ್ಮೆ ಕೈ ಆಡಿಸಿಯೇ ಹೋಗುತ್ತಿದ್ದರು. ಎಷ್ಟು ಕೈ ಆಡಿತ್ತೆಂದರೆ ಎದೆಮಟ್ಟದಲ್ಲಿ ಕಲ್ಲು ಎಣ್ಣೆ ಹಚ್ಚಿದ ಹಾಗೆ ಹೊಳೆಯುತ್ತಿತ್ತು.

ಅರವತ್ಮೂರನೇ ಇಸವಿಯ ಬೇಸಿಗೆಯಲ್ಲಿ ಸುಬ್ಬಪ್ಪ ಮೇಷ್ಟ್ರು ಶಿವಮೊಗ್ಗದಿಂದ ಬಂದು ಸ್ಟೇಷನ್ನಿನ ಬೇವಿನ ಮರದ ಕೆಳಗೆ ಖಾಜಾ ಪೀರನನ್ನು ಹಿಡಿದರು. ಇಬ್ಬರೂ ಭದ್ರಾವತಿಯ ಒಂದೇ ಶಾಲೆಯ ಒಂದೇ ಮಣೆಯ ಮೇಲೆ ಕೂತವರು. ಒಬ್ಬ ನಾಲ್ಕನೇ ಕ್ಲಾಸಿಗೆ ಬಿಟ್ಟು ಅಪ್ಪನ ಜಟಕಾ ಹಿಡಿದ. ಇನ್ನೊಬ್ಬ ಓದಿ ಹೈಸ್ಕೂಲು ಮೇಷ್ಟ್ರಾಗಿ, ಶಿವಮೊಗ್ಗದಲ್ಲಿ ಮನೆ ಮಾಡಿ, ಹಳೇ ಗುಡಿ ಕೋಟೆಗಳ ಮೇಲೆ ಸಣ್ಣ ಪುಸ್ತಕಗಳನ್ನೂ ಬರೆದು ನಾಲ್ಕು ಜನರ ಬಾಯಲ್ಲಿ ಹೆಸರಾಗಿದ್ದ. ಊರಿಗೆಲ್ಲ ಸುಬ್ಬಪ್ಪ ಮೇಷ್ಟ್ರು. ಖಾಜಾ ಪೀರನಿಗೆ ಮಾತ್ರ ಇವತ್ತಿಗೂ ಸುಬ್ಬ.

"ಒಂದು ಕೆಲಸ ಆಗ್ಬೇಕು ಮಾರಾಯ" ಎಂದ ಸುಬ್ಬಪ್ಪ. "ಶಿವಮೊಗ್ಗದಲ್ಲಿ ಹತ್ತು ದಿನದ ಶಿಬಿರ ಮಾಡ್ತಾ ಇದೀವಿ. ಮೇಷ್ಟ್ರುಗಳು, ಟೂರಿಸ್ಟ್ ಗೈಡುಗಳು, ಒಟ್ಟು ಮೂವತ್ತು ಜನ. ಹಳೇ ಜಾಗಗಳನ್ನ ಜನಕ್ಕೆ ಕಥೆ ಮೂಲಕ ಹೇಗೆ ತೋರಿಸ್ಬೇಕು ಅಂತ ಕಲಿಸೋದು. ಬೆಂಗಳೂರಿಂದ ವಿದ್ಯಾ ಇಲಾಖೆ ಸಾಹೇಬ್ರು ಬರ್ತಾರೆ. ನೀನು ಬಂದು ನಮ್ಮ ಕಂಬದ ಕಥೆ ಹೇಳ್ಬೇಕು."

"ನಾನಾ? ಮೇಷ್ಟ್ರುಗಳಿಗೆ ನಾನೇನು ಕಲಿಸ್ಲಿ ಸುಬ್ಬಾ?"

"ನಿನ್ನ ಹಾಗೆ ಹೇಳೋನು ಜಿಲ್ಲೆಯಲ್ಲೇ ಇಲ್ಲ. ಅಮೀರುನ್ನೀಸಾನ ಹೆಸರೂ ಸೇರ್ಸಿದೀನಿ. ಶಿಬಿರ ಮುಗಿಸಿ ಸರ್ಟಿಫಿಕೇಟ್ ತಗೊಂಡ್ರೆ ಅವಳ ಕೆಲಸ ಕಾಯಂ ಆಗೋ ಹಾಗೆ ನಾನೇ ಬರೀತೀನಿ."

ಅಮೀರುನ್ನೀಸಾ ಖಾಜಾ ಪೀರನ ಒಬ್ಬಳೇ ಮಗಳು. ಎಸ್ಸೆಸ್ಸೆಲ್ಸಿ ಪಾಸಾಗಿ, ಪ್ರೈಮರಿ ಶಾಲೆಯಲ್ಲಿ ಎರಡು ವರ್ಷದಿಂದ ಟೆಂಪರರಿಯಾಗಿ ದುಡಿಯುತ್ತಿದ್ದಳು. ಖಾಜಾ ಪೀರನ ಎದೆ ಉಬ್ಬಿಹೋಯಿತು. ಸುಬ್ಬ ಅಷ್ಟು ದೂರ ಬಂದು ಕರೆಯುವಾಗ ಅವನ ಕಣ್ಣು ಒಂದು ಸಲವೂ ತನ್ನ ಕಣ್ಣಿಗೆ ಸೇರಲಿಲ್ಲ ಎಂಬುದನ್ನು ಅವನು ಗಮನಿಸಲಿಲ್ಲ. ಪ್ರೀತಿ ಇದ್ದ ಕಡೆ ಯಾರು ಅದನ್ನೆಲ್ಲ ನೋಡುತ್ತಾರೆ?

ಸುಬ್ಬಪ್ಪ "ನಮ್ಮ ಕಂಬದ ಕಥೆ" ಎಂದದ್ದು ಬಾಯಿತಪ್ಪಿ ಬಂದ ಮಾತಲ್ಲ. ಆ ಕಥೆಗೆ ಇಬ್ಬರು ಹುಡುಗರಲ್ಲದೆ ಬೇರೆ ಅಪ್ಪ ಅಮ್ಮ ಇರಲಿಲ್ಲ.

ಖಾಜಾ ಪೀರನಿಗೆ ಹನ್ನೊಂದು ವರ್ಷವಾಗಿದ್ದಾಗ ಅವನ ತಾಯಿ ಸರ್ವರ್ ಬೀ ಚಳಿಜ್ವರದಲ್ಲಿ ಹೋದಳು. ದಿನಾ ಮಧ್ಯಾಹ್ನ ಗಂಡನಿಗೆ ಸ್ಟೇಷನ್ನಿಗೆ ರೊಟ್ಟಿ ಒಯ್ಯುತ್ತಿದ್ದವಳು ಅವಳು. ಗಂಡ ಉಣ್ಣುವವರೆಗೆ ಜಟಕಾದ ಗಾಲಿಗೆ ಒರಗಿ, ಬಾಯಿಗೆ ಸೆರಗು ಹಿಡಿದು, ಸುಮ್ಮನೆ ನಿಲ್ಲುತ್ತಿದ್ದಳು. ಅವಳನ್ನು ಮಣ್ಣು ಮಾಡಿ ಬಂದ ಮೇಲೆ ಹುಡುಗ ಮನೆಯಲ್ಲಿ ನಿಲ್ಲದೆ ಮಂಟಪದಲ್ಲಿ ಹೋಗಿ ಕೂತ. ಮಾತು ಬಿಟ್ಟ. ಸುಬ್ಬ ಶಾಲೆ ತಪ್ಪಿಸಿ ಅವನ ಪಕ್ಕ ಕೂತ. ಮೂರು ದಿನ ಇಬ್ಬರೂ ಕಂಬ ಎಣಿಸಿದರು. ಮೂರನೇ ದಿನ ಖಾಜಾ ಬಾಯಿಬಿಟ್ಟು, "ಇದು ಕೆತ್ತೋನಿಗೂ ಅವನ ಹೆಂಡ್ತಿ ರೊಟ್ಟಿ ತರ್ತಿದ್ಳೇನೋ" ಎಂದ. "ಆಮೇಲೆ ಬರ್ಲಿಲ್ಲ" ಎಂದ. ಅಷ್ಟಕ್ಕೇ ನಿಲ್ಲಿಸಿದ. ಮುಂದಿನದನ್ನು ಸುಬ್ಬ ಹೇಳಿದ. ಒರಗೋಕೆ ಜಾಗ ಬೇಕು, ಕೆತ್ತಿದರೆ ಬೆನ್ನಿಗೆ ಚುಚ್ಚುತ್ತದೆ ಎಂಬ ಮಾತು ಹನ್ನೊಂದು ವರ್ಷದ ಸುಬ್ಬಪ್ಪನದು. ಆಗ ಖಾಜಾ ಅತ್ತ. ತಾಯಿ ಸತ್ತ ಮೇಲೆ ಅದೇ ಮೊದಲು ಅತ್ತದ್ದು.

ಹೀಗೆ ಸ್ನೇಹಿತನೊಬ್ಬ ತನ್ನ ಸ್ನೇಹಿತನ ಸತ್ತ ತಾಯಿಗೆ ಒಂದು ಕಲ್ಲುಕಂಬ ಕೊಟ್ಟಿದ್ದ. ಖಾಜಾ ಪೀರ್ ಇದನ್ನು ಹೆಂಡತಿಗೂ ಹೇಳಲಿಲ್ಲ, ಮಗಳಿಗೂ ಹೇಳಲಿಲ್ಲ. ಹೇಳುವ ಅಗತ್ಯವೇ ಕಾಣಲಿಲ್ಲ. ದಿನಕ್ಕೆ ಎರಡು ಸಲವಾದರೂ ಅಮ್ಮಾಜಾನ್ ಹೊಳೆ ದಾಟಿ ಬರುತ್ತಿದ್ದಳು, ಜನ ಅವಳು ಒರಗಿದ ಜಾಗ ಮುಟ್ಟುತ್ತಿದ್ದರು, ಅವನಿಗೆ ಅದು ಸಾಕಾಗಿತ್ತು.

ಶಿಬಿರ ನಡೆದದ್ದು ಶಿವಮೊಗ್ಗದ ಒಂದು ಶಾಲೆಯ ಹಾಲಿನಲ್ಲಿ. ಖಾಜಾ ಪೀರ್ ಒಗೆದ ಶೇರ್ವಾನಿ ಹಾಕಿಕೊಂಡು ಮಗಳ ಜೊತೆ ಬೆಳಗಿನ ಬಸ್ಸಿಗೆ ಬಂದಿದ್ದ. ಅದು ಏಳನೆಯ ದಿನ. ಅಮೀರುನ್ನೀಸಾ ಮೂರನೇ ಸಾಲಿನಲ್ಲಿ ನೋಟುಬುಕ್ಕು ತೆರೆದು ಕೂತಳು. ಬೆಂಗಳೂರಿನ ಸಾಹೇಬರು ಕಿಟಕಿಯ ಪಕ್ಕದ ಕುರ್ಚಿಯಲ್ಲಿದ್ದರು, ತೊಡೆಯ ಮೇಲೆ ನೀಲಿ ರಟ್ಟಿನ ಒಂದು ತೆಳ್ಳನೆ ಪುಸ್ತಕ.

ಕಂಬವಿಲ್ಲದ ಜಾಗದಲ್ಲಿ ಕಂಬ ತೋರಿಸಬೇಕಲ್ಲ. ಖಾಜಾ ಪೀರ್ ಮೂವತ್ತು ಜನರಲ್ಲಿ ಹದಿನಾರು ಜನರನ್ನು ಎಬ್ಬಿಸಿ ನಾಲ್ಕು ಸಾಲಾಗಿ ನಿಲ್ಲಿಸಿದ. ಹದಿನೈದು ಜನಕ್ಕೆ ಕೈಕಾಲು ಸೊಟ್ಟ ಮಾಡಿ ಶಿಲ್ಪದ ಹಾಗೆ ನಿಲ್ಲಿ ಎಂದ. ಹೊಟ್ಟೆ ಬಂದ ಮೇಷ್ಟ್ರೊಬ್ಬರು ನರ್ತಕಿಯಾಗಿ ನಿಂತದ್ದು ನೋಡಿ ಹಾಲೆಲ್ಲ ನಕ್ಕಿತು. ಹದಿನಾರನೆಯ ಜಾಗದಲ್ಲಿ ಜಗದಾಂಬಾ ಎಂಬ ತರುಣಿ ಟೀಚರನ್ನು ನೆಟ್ಟಗೆ ನಿಲ್ಲಿಸಿ, "ನೀವು ಏನೂ ಮಾಡ್ಬೇಡಿ ಅಮ್ಮಾ" ಎಂದ. ಆಮೇಲೆ ಸುಮ್ಮನಾದ. ನಗು ತಾನಾಗಿ ನಿಂತಿತು. ಯಾರೋ ಕೇಳಿದರು, "ಅವರೊಬ್ರು ಯಾಕೆ ಹಾಗೆ?" ಅಲ್ಲಿಂದ ಅವನು ಶುರುಮಾಡಿದ.

ಕಥೆ ಮುಗಿದಾಗ ಜಗದಾಂಬಾ ಕಣ್ಣೊರೆಸಿಕೊಳ್ಳುತ್ತಿದ್ದಳು. ಹಾಲಿನಲ್ಲಿ ಚಪ್ಪಾಳೆ ಬೀಳಬೇಕಿತ್ತು, ಬೀಳುವುದರಲ್ಲಿತ್ತು. ಅಷ್ಟರಲ್ಲಿ ಸಾಹೇಬರು ಎದ್ದು ನೀಲಿ ಪುಸ್ತಕ ಬಿಡಿಸಿದರು.

"ಈ ಕಥೆ ಸುಬ್ಬಪ್ಪನವರ ಈ ಪುಸ್ತಕದ ಒಂಬತ್ತನೇ ಪುಟದಲ್ಲಿ ಅಚ್ಚಾಗಿದೆ. ತಲೆತಲಾಂತರದಿಂದ ಊರ ಹಿರಿಯರು ಹೇಳಿಕೊಂಡು ಬಂದದ್ದು ಅಂತ ಬರೆದಿದ್ದಾರೆ. ನಾನು ಭದ್ರಾವತಿಯಲ್ಲಿ ಎಂಟು ಜನ ಹಿರಿಯರನ್ನ ಕೇಳ್ದೆ. ಒಬ್ಬರಿಗೂ ಗೊತ್ತಿಲ್ಲ. ಗೊತ್ತಿದ್ದ ಬೇರೆಯವರೆಲ್ಲ ಜಟಕಾದವರಿಂದ ಕೇಳಿದವರು. ಪುಸ್ತಕ ಬರೆದವರು ಇದಕ್ಕೆ ಆಧಾರ ಕೊಡಬೇಕು ಅಂತ ನಾನು ಎರಡು ಕಾಗದ ಬರೆದಿದ್ದೆ."

ಖಾಜಾ ಪೀರನಿಗೆ ಪುಸ್ತಕದ ಸುದ್ದಿಯೇ ಗೊತ್ತಿರಲಿಲ್ಲ. ಸುಬ್ಬ ಅಮ್ಮಾಜಾನಳನ್ನು ಅಚ್ಚು ಹಾಕಿಸಿದ್ದಾನೆ ಎಂದು ಮೊದಲು ಒಂದು ಕ್ಷಣ ಸಂತೋಷವೇ ಆಯಿತು. ನಗುತ್ತಾ ಸುಬ್ಬಪ್ಪನ ಕಡೆ ತಿರುಗಿದ. ಸುಬ್ಬಪ್ಪ ನಗುತ್ತಿರಲಿಲ್ಲ.

"ಆಧಾರ ಇವರೇ ಸಾರ್" ಎಂದ ಸುಬ್ಬಪ್ಪ. "ಅದಕ್ಕೇ ಇವತ್ತು ತಮ್ಮ ಮುಂದೆ ಕರೆಸಿದ್ದು. ಊರಿನ ಹಳಬರು ಅಂತ ನಂಬಿ ಇವರು ಹೇಳಿದ್ದನ್ನ ಬರ್ಕೊಂಡೆ. ನನ್ನ ತಪ್ಪು ಅಂದ್ರೆ ಅಷ್ಟೇ, ಪರೀಕ್ಷೆ ಮಾಡ್ದೆ ನಂಬಿದ್ದು." ಆಮೇಲೆ ಖಾಜಾ ಪೀರನ ಹೆಗಲಾಚೆ ಎಲ್ಲೋ ನೋಡುತ್ತಾ ಕೇಳಿದ. "ಹೇಳಿ ಸಾಬ್ರೇ. ಈ ಕಥೆ ನನಗೆ ಹೇಳಿದ್ದು ನೀವೇ ತಾನೇ?"

ಸಾಬ್ರೇ. ನೀವೇ. ಮೂವತ್ತೆರಡು ವರ್ಷದಲ್ಲಿ ಸುಬ್ಬ ಅವನನ್ನು ಹಾಗೆ ಕರೆದದ್ದು ಅದೇ ಮೊದಲು. ಖಾಜಾ ಪೀರನಿಗೆ ತನ್ನನ್ನು ಯಾಕೆ ಕರೆಸಿದ್ದು, ಬೇವಿನ ಮರದ ಕೆಳಗೆ ಹೊಗಳಿದ್ದು ಯಾಕೆ, ಎಲ್ಲವೂ ಒಟ್ಟಿಗೆ ತಿಳಿದುಬಿಟ್ಟಿತು. ಕಲಿಸಲು ಕರೆಸಿರಲಿಲ್ಲ. ಕಳ್ಳನನ್ನು ಸಾಕ್ಷಿ ಸಮೇತ ಹಾಜರು ಮಾಡಲು ಕರೆಸಿದ್ದು.

ಒಂದೇ ಮಾತು ಸಾಕಿತ್ತು. ಕೊನೆಯ ಮಾತು ಯಾರದು ಹೇಳು ಸುಬ್ಬಾ ಎಂದಿದ್ದರೆ ಮುಗಿಯುತ್ತಿತ್ತು. ಆ ಮಾತು ನಾಲಿಗೆಯ ತುದಿಗೆ ಬಂದಿತ್ತು. ಆದರೆ ಮೂರನೇ ಸಾಲಿನಲ್ಲಿ ಅಮೀರುನ್ನೀಸಾ ಪೆನ್ಸಿಲು ಕಚ್ಚಿಕೊಂಡು ಕೂತಿದ್ದಳು. ಅವಳ ಸರ್ಟಿಫಿಕೇಟಿಗೆ ರುಜು ಹಾಕುವ ಕೈ ಸುಬ್ಬಪ್ಪನದು.

"ಹೌದು ಸ್ವಾಮಿ. ನಾನೇ ಹೇಳಿದ್ದು" ಎಂದ ಖಾಜಾ ಪೀರ್.

"ನಿಮಗೆ ಯಾರು ಹೇಳಿದ್ರು?" ಸಾಹೇಬರು ಕೇಳಿದರು. ಗದರಿ ಕೇಳಲಿಲ್ಲ. ಒಳ್ಳೆಯ ಮನುಷ್ಯ, ತನ್ನ ಕೆಲಸ ಮಾಡುತ್ತಿದ್ದ.

"ಯಾರೂ ಇಲ್ಲ ಸ್ವಾಮಿ. ನಾನೇ ಕಟ್ಟಿದ್ದು."

ಸಾಹೇಬರು ತಲೆಯಾಡಿಸಿ ಮೂವತ್ತು ಜನರ ಕಡೆ ತಿರುಗಿದರು. ನೋಡಿ, ಇದೇ ಇವತ್ತಿನ ಪಾಠ ಎಂದರು. ಹೇಳುವ ಕಲೆ ಇವರಿಂದ ಕಲಿಯಿರಿ, ಹೇಳುವ ವಿಷಯ ಕಲಿಯಬೇಡಿ. ಕಥೆ ಎಷ್ಟು ಚೆನ್ನಾಗಿದ್ದರೂ ಎರಡು ಪ್ರಶ್ನೆ ಕೇಳಿ: ಯಾರು ಕಂಡದ್ದು, ಕಂಡವರು ಬೇರೆ ಯಾರಿದ್ದಾರೆ. ಎಲ್ಲರೂ ಬರೆದುಕೊಂಡರು. ಅಮೀರುನ್ನೀಸಾನೂ ಬರೆದುಕೊಂಡಳು. ನರ್ತಕಿಯಾಗಿದ್ದ ಮೇಷ್ಟ್ರು, ಬಂದ ನಗುವನ್ನು ಕರವಸ್ತ್ರದಲ್ಲಿ ಮುಚ್ಚಿಕೊಂಡರು.

ಹೊರಗೆ ಜಗಲಿಯಲ್ಲಿ ಸುಬ್ಬಪ್ಪ ಹಿಂದೆ ಬಂದ. "ತಪ್ಪು ತಿಳ್ಕೋಬೇಡ ಖಾಜಾ. ಹೆಡ್‌ಮಾಸ್ಟರ್ ಆಗೋ ಹೊತ್ತು ನಂದು. ನಿನಗೇನಾಗ್ಬೇಕು, ಜಟಕಾದೋನು ಕಥೆ ಕಟ್ಟಿದ ಅಂದ್ರೆ ಜನ ನಕ್ಕು ಮರೀತಾರೆ. ಮೇಷ್ಟ್ರು ಕಟ್ಟಿದ ಅಂದ್ರೆ ಬಿಡ್ತಾರಾ? ಅಮೀರುನ್ನೀಸಾ ವಿಷಯ ನನಗೆ ಬಿಡು."

ಖಾಜಾ ಪೀರನಿಗೆ ಸಿಟ್ಟು ಬಂದಿರಲಿಲ್ಲ, ಬಂದಿದ್ದರೆ ಚೆನ್ನಾಗಿತ್ತು, ಬೈದು ಹಗುರಾಗಬಹುದಿತ್ತು. ನಾಚಿಕೆಯಾಗಿತ್ತು, ಅದೂ ತನ್ನ ಬಗ್ಗೆಯಲ್ಲ. ಹನ್ನೊಂದು ವರ್ಷದ ಒಬ್ಬ ಹುಡುಗನನ್ನು ಈ ಮನುಷ್ಯ ಎಲ್ಲೋ ಕೊಂದು ಹಾಕಿ ಬಂದಿದ್ದಾನೆ ಎನಿಸಿತು.

ಅಪ್ಪ ಮಗಳು ಸಂಜೆಯ ಬಸ್ಸು ಹತ್ತಿದರು. ಭದ್ರಾವತಿ ಹತ್ತಿರವಾಗಿ ಕಾರ್ಖಾನೆಯ ಚಿಮಣಿ ಕಂಡ ಮೇಲೆ ಅವಳು ಕಿಟಕಿಯ ಕಡೆ ಮುಖ ಮಾಡಿಕೊಂಡೇ ಕೇಳಿದಳು. "ಅಬ್ಬಾ, ನಾನು ಚಿಕ್ಕೋಳಿದ್ದಾಗ ಆ ಕಂಬಕ್ಕೆ ಹೂ ಇಡ್ತಿದ್ದೆ. ಆಗಾದ್ರೂ ಸುಳ್ಳು ಅಂತ ಹೇಳ್ಬಹುದಿತ್ತಲ್ಲ."

ಅವನು ಹೊರಗೆ ನೋಡುತ್ತಾ ಕೂತ. ಹೇಳಿದರೆ ಮಗಳು ಸುಮ್ಮನಿರುವವಳಲ್ಲ, ನಾಳೆಯೇ ಸುಬ್ಬಪ್ಪನನ್ನು ನಿಲ್ಲಿಸಿ ಕೇಳುತ್ತಾಳೆ, ಕೆಲಸ ಹೋಗುತ್ತದೆ. ಇನ್ನು ಮೂರು ದಿನ ತಡೆದರಾಯಿತು ಎಂದು ಹಲ್ಲು ಕಚ್ಚಿಕೊಂಡ.

ಹತ್ತನೆಯ ದಿನ ಶಿಬಿರದವರೆಲ್ಲ ಭದ್ರಾವತಿಗೆ ಬಂದರು. ಅದು ಪರೀಕ್ಷೆಯ ದಿನ. ಒಬ್ಬೊಬ್ಬರು ಒಂದೊಂದು ಜಾಗದ ಮುಂದೆ ನಿಂತು, ಬಂದ ಜನರಿಗೆ ವಿವರಿಸಬೇಕು. ಅಮೀರುನ್ನೀಸಾಗೆ ಕಲ್ಲುಮಂಟಪವನ್ನೇ ಕೊಟ್ಟಿದ್ದರು. ಕೊಟ್ಟವನು ಸುಬ್ಬಪ್ಪ. ಸ್ಟೇಷನ್ನಿನಿಂದ ಸಾಹೇಬರನ್ನು ಕರೆತರಲು ಜಟಕಾ ಬೇಕಾಗಿ ಖಾಜಾ ಪೀರನಿಗೇ ಹೇಳಿಕಳಿಸಿದ್ದರು. ಅವನು ಸಾಹೇಬರನ್ನು ಇಳಿಸಿ, ಕುದುರೆಯ ಪಕ್ಕದಲ್ಲಿ, ಎಲ್ಲರಿಂದ ಹತ್ತು ಮಾರು ದೂರ ನಿಂತ.

ಅಮೀರುನ್ನೀಸಾ ಜನರನ್ನು ಕಂಬ ಎಣಿಸಲು ಬಿಟ್ಟಳು. ಕೇಳುವವರೆಗೆ ಸುಮ್ಮನಿದ್ದಳು. ಆಮೇಲೆ ದನಿ ಎತ್ತರಿಸದೆ ಮಾತಾಡಿದಳು. ರೊಟ್ಟಿ ಕಟ್ಟಿದ ಬಟ್ಟೆ, ಹೊಳೆ ದಾಟುವ ಹೆಂಗಸು, ಒರಗಿ ನಿಂತ ಬೆನ್ನು, ಒಂದನ್ನೂ ಬಿಡಲಿಲ್ಲ. ಅಪ್ಪನಿಗಿಂತ ಚೆನ್ನಾಗಿಯೇ ಹೇಳಿದಳು. ಕೇಳುತ್ತಿದ್ದವರ ಕೈ ತಾನಾಗಿ ಕಂಬದ ಕಡೆ ಚಾಚಿತು. ಆಗ ಅವಳು ತನ್ನ ಕೈ ಅಡ್ಡ ಹಿಡಿದಳು.

"ಕೇಳೋಕೆ ಚೆನ್ನಾಗಿದೆ, ಅಲ್ವಾ? ಆದ್ರೆ ಇದು ಜಟಕಾದವರು ಸವಾರಿ ಹಿಡಿಯೋಕೆ ಕಟ್ಟಿದ ಕಥೆ. ಇದಕ್ಕೆ ಆಧಾರ ಇಲ್ಲ. ಕಂಬ ಯಾಕೆ ಹೀಗೆ ಉಳೀತು ಅಂತ ನಮಗೆ ಗೊತ್ತಿಲ್ಲ. ಅಂಥ ಹೆಂಗಸು ಯಾವತ್ತೂ ಇರಲೇ ಇಲ್ಲ."

ಹೇಳುವಾಗ ಅವಳು ಅಪ್ಪ ನಿಂತಿದ್ದ ಕಡೆ ನೋಡಲಿಲ್ಲ. ಸಾಹೇಬರು ಭೇಷ್ ಎಂದರು. ಸುಬ್ಬಪ್ಪನೂ ಕೈ ತಟ್ಟಿದ. ಖಾಜಾ ಪೀರ್ ಕುದುರೆಯ ಕತ್ತು ಹಿಡಿದುಕೊಂಡ. ಮೂವತ್ತೆರಡು ವರ್ಷದ ಹಿಂದೆ ಅಮ್ಮಾಜಾನಳನ್ನು ಮಣ್ಣಿಗೆ ಕೊಟ್ಟದ್ದು ಒಂದು ಸಲ, ಈಗ ಸ್ವಂತ ಮೊಮ್ಮಗಳ ಬಾಯಿಂದ ಇನ್ನೊಂದು ಸಲ. ಇದನ್ನು ಮಗಳ ಬಾಯಲ್ಲಿ ಹಾಕಿದವನಿಗೆ ಅವಳು ಯಾರ ಮೊಮ್ಮಗಳು ಎಂಬುದು ಗೊತ್ತಿತ್ತು. ಗೊತ್ತಿದ್ದೂ ಕೈ ತಟ್ಟುತ್ತಿದ್ದ.

ಅಲ್ಲೇ ಜಮಖಾನ ಹಾಸಿ ಸರ್ಟಿಫಿಕೇಟು ಹಂಚಿದರು. ಅಮೀರುನ್ನೀಸಾನದಕ್ಕೆ ರುಜು ಬಿತ್ತು, ಕಾಯಂ ಮಾಡುವ ಶಿಫಾರಸನ್ನೂ ಸಾಹೇಬರೇ ಓದಿ ಹೇಳಿದರು. ಜನ ಚದುರಿದ ಮೇಲೆ ಸುಬ್ಬಪ್ಪ ಜಟಕಾದ ಹತ್ತಿರ ಬಂದ. ಮಗಳು ಆಗಲೇ ಗಾಡಿಯ ಹಿಂದೆ ಹತ್ತಿ ಕೂತಿದ್ದಳು.

"ಆಯ್ತಲ್ಲ ಖಾಜಾ. ನಾನು ಮಾತಿಗೆ ತಪ್ಪಲಿಲ್ಲ" ಎಂದ ಸುಬ್ಬಪ್ಪ.

ಖಾಜಾ ಪೀರ್ ಲಗಾಮು ಬಿಡಿಸುತ್ತಾ, ಮುಖ ಎತ್ತದೆ, ಮೆಲ್ಲಗೆ ಹೇಳಿದ. "ನಿಮ್ಮ ಮನೇಲಿ ಗೊತ್ತಾದ್ರೆ ಚರ್ಮ ಸುಲೀತಾರೆ ಅಂತ ಗೊತ್ತಿದ್ರೂ, ಅವಳ ಕೈ ರೊಟ್ಟಿ ನೀನೂ ತಿಂದಿದ್ದೆ ಸುಬ್ಬಾ. ನಿನಗೆ ಅಂತ ಒಂದು ಹೆಚ್ಚೇ ಕಟ್ತಿದ್ಳು."

ಸುಬ್ಬಪ್ಪ ಒಂದು ಸಲ ಮಂಟಪದ ಕಡೆ ನೋಡಿದ, ಒಂದು ಸಲ ಗಾಡಿಯಲ್ಲಿದ್ದ ಅಮೀರುನ್ನೀಸಾನ ಕಡೆ. ಆಮೇಲೆ ಕೊಡೆ ಬಿಚ್ಚಿ, ಬಸ್‌ಸ್ಟ್ಯಾಂಡಿನ ದಾರಿ ಹಿಡಿದ.

"ಯಾರ ಕೈ ರೊಟ್ಟಿ ಅಬ್ಬಾ?" ಮಗಳು ಕೇಳಿದಳು.

ಕೆಲಸ ಕಾಯಂ ಆಗಿತ್ತು, ಇನ್ನು ಮುಚ್ಚಿಡುವುದೇನು. "ನಿನ್ನ ದಾದೀದು" ಎಂದ ಖಾಜಾ ಪೀರ್. "ದಿನಾ ಮಧ್ಯಾಹ್ನ ನಮ್ಮ ಅಬ್ಬಾಗೆ ರೊಟ್ಟಿ ತರ್ತಿದ್ಳು. ಅವರು ತಿಂದು ಮುಗಿಸೋ ತನಕ ಗಾಲಿಗೆ ಒರಗಿ ನಿಂತಿರ್ತಿದ್ಳು. ಆ ಕಂಬದ ಹತ್ರ ಇದ್ದೋಳು ಅವಳೇ. ಅವಳು ಹೋದ ಮೇಲೆ ನಾನೂ ಸುಬ್ಬಾನೂ ಸೇರಿ ಅವಳನ್ನ ಅಲ್ಲಿ ನಿಲ್ಲಿಸಿದ್ವಿ."

ತೊಡೆಯ ಮೇಲಿನ ಸರ್ಟಿಫಿಕೇಟಿನ ಅಂಚು ಅಮೀರುನ್ನೀಸಾನ ಬೆರಳಲ್ಲಿ ಮುದುಡುತ್ತಿತ್ತು. ಅಪ್ಪನನ್ನು ನಂಬಬೇಕೆಂದು ಅವಳಿಗೆ ಬಹಳ ಆಸೆಯಿತ್ತು, ಅದು ಅವಳ ಮುಖದಲ್ಲೇ ಕಾಣುತ್ತಿತ್ತು. ಆದರೆ ಹತ್ತು ದಿನ ಶ್ರದ್ಧೆಯಿಂದ ಕಲಿತ ಹುಡುಗಿ ಅವಳು.

"ಅದನ್ನ ಕಂಡವರು ನಿಮ್ಮನ್ನ ಬಿಟ್ಟು ಬೇರೆ ಯಾರಾದ್ರೂ ಇದ್ದಾರಾ ಅಬ್ಬಾ?" ಎಂದು ಕೇಳಿದಳು.

ಖಾಜಾ ಪೀರ್ ತಿರುಗಿ ನೋಡಿದ. ದಾರಿಯ ತಿರುವಿನಲ್ಲಿ ಕಪ್ಪು ಕೊಡೆ ಬೇಗ ಬೇಗ ಹೋಗುತ್ತಿತ್ತು.

"ಒಬ್ಬ ಇದ್ದ" ಎಂದ.